ಚಿಕ್ಕಪ್ಪ ಕಟ್ಟದೆ ಬಿಟ್ಟ ಎಳೆ

ದೆವ್ವ, ಮುನಿ, ಗಾಳಿ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಹೋಗುವ ಪೈಕಿ ನಾನು. ಸೇಲಂನ ಒಂದು ಪಾಲಿಟೆಕ್ನಿಕ್‌ನಲ್ಲಿ ಮೋಟಾರು ವಾಹನದ ಪಾಠ ಹೇಳುತ್ತಾ ಇಪ್ಪತ್ತು ವರ್ಷ ಕಳೆದಿದ್ದೇನೆ. ಪ್ರತಿ ವರ್ಷ ಮೊದಲ ತರಗತಿಯಲ್ಲಿ ನಾನು ಹೇಳುವುದು ಒಂದೇ ಮಾತು: ಕಾರಣವಿಲ್ಲದೆ ಎಂಜಿನ್ ನಿಲ್ಲುವುದಿಲ್ಲ, ಕಾರಣ ಸಿಗಲಿಲ್ಲವೆಂದರೆ ನೀನು ಸರಿಯಾಗಿ ಹುಡುಕಿಲ್ಲ. ಈಗಲೂ ಅದನ್ನೇ ಹೇಳುತ್ತೇನೆ. ಆದರೆ ಆರು ವರ್ಷದ ಹಿಂದೆ ಪೆನ್ನಾಗರದ ಹಾದಿಯಲ್ಲಿ ನಡುಮಧ್ಯಾಹ್ನ ನಡೆದ ಒಂದು ಸಂಗತಿಯಿಂದಾಗಿ ಹೇಳುವಾಗ ಮೊದಲಿನಷ್ಟು ದನಿ ಏರುವುದಿಲ್ಲ. ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅಷ್ಟೆ.

ನಮ್ಮದು ಸೇಲಂನ ಗುಗೈ ಕಡೆಯ ನೇಕಾರರ ಮನೆತನ. ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು. ನನ್ನ ಚಿಕ್ಕಪ್ಪ ಮೂವತ್ತು ವಯಸ್ಸಿನ ತನಕ ಮಗ್ಗದಲ್ಲಿ ಕೂತು ರೇಷ್ಮೆ ನೇಯ್ದು, ಆಮೇಲೆ ಮನೆಯವರಿಂದ ಬೇಕಾದಷ್ಟು ಬೈಸಿಕೊಂಡು ಅದೇ ಬೀದಿಯ ಕೊನೆಯಲ್ಲಿ ಹಳೇ ಗಾಡಿ ರಿಪೇರಿಯ ಶೆಡ್ ಹಾಕಿದವನು. ಮಗ್ಗ ಬಿಟ್ಟರೂ ಮಗ್ಗದ ಒಂದು ಅಭ್ಯಾಸ ಅವನನ್ನು ಬಿಡಲಿಲ್ಲ. ನೇಯುವಾಗ ಎಳೆ ಕಡಿದು, ಕೂಡಲೇ ಸೇರಿಸಲು ಆಗದೆ ಏಳಬೇಕಾಗಿ ಬಂದರೆ, ನಮ್ಮ ಮನೆಯವರು ಆ ಜಾಗಕ್ಕೆ ಬೇರೆ ಬಣ್ಣದ ತುಂಡು ಎಳೆಯೊಂದನ್ನು ಕಟ್ಟಿ ಏಳುತ್ತಿದ್ದರು, ಮರೆಯದಿರಲಿ ಎಂದು. ಚಿಕ್ಕಪ್ಪ ಅದನ್ನೇ ಎಂಜಿನ್ನಿಗೂ ತಂದ. ಕೈಯಲ್ಲಿ ಕೂರಿಸಿ ಇನ್ನೂ ಕಡೆಯ ಬಿಗಿ ಕೊಡದ ಪ್ರತಿಯೊಂದು ನಟ್ಟಿಗೂ ಕ್ಲಿಪ್ಪಿಗೂ ಕೆಂಪು ರೇಷ್ಮೆ ಎಳೆ ಕಟ್ಟುತ್ತಿದ್ದ. ಬಿಗಿ ಕೊಟ್ಟ ಮೇಲೆ ಬಿಚ್ಚುತ್ತಿದ್ದ. ಎಳೆ ಇದ್ದರೆ ಕೆಲಸ ಬಾಕಿ, ಇಲ್ಲದಿದ್ದರೆ ಮುಗಿದಿದೆ ಎಂದು ಲೆಕ್ಕ. ಅವನು ಎಡಚ, ಅವನು ಹಾಕುವ ಗಂಟು ಬೇರೆಯವರ ಗಂಟಿಗೆ ಉಲ್ಟಾ ಇರುತ್ತಿತ್ತು. ನನಗಂತೂ ಉಲ್ಟಾನೂ ಬರದು, ಸರಿಯೂ ಬರದು. ನಮ್ಮ ಮನೆತನದಲ್ಲಿ ಆ ಗಂಟು ಕಲಿಯದ ಮೊದಲ ಗಂಡಸು ನಾನೇ.

ಓದಿದವನಲ್ಲವೆ, ನಾನು ನಗುತ್ತಿದ್ದೆ. "ಅಳತೆ ಮಾಡಿ ಬಿಗಿಯೋ ಸ್ಪ್ಯಾನರ್ ಇರೋ ಕಾಲದಲ್ಲಿ ಇದೇನು ಚಿಕ್ಕಪ್ಪ, ಎಂಜಿನ್ನಿಗೆ ಹರಕೆ ಕಟ್ಟಿದ್ದೀಯ?" ಎಂದು ಕೇಳಿದ್ದೆ.

"ನಿನ್ ಸ್ಪ್ಯಾನರ್ ಎಷ್ಟು ಬಿಗಿ ಅಂತ ಏಳ್ತೈತೆ," ಎಂದಿದ್ದ ಅವನು. "ಬಿಗಿ ಮಾಡಿದ್ಯಾ ಇಲ್ವಾ ಅಂತ ಅದು ಏಳಲ್ಲ ಕಣ್ಲಾ."

ಅವನ ಪ್ರಾಣವೆಲ್ಲ ಇದ್ದದ್ದು ಒಂದು ಹಳೇ ಕಾರಿನ ಮೇಲೆ. ಆಮೆಯ ಬೆನ್ನಿನ ಹಾಗೆ ಗುಂಡಗಿದ್ದ ವಿದೇಶಿ ಗಾಡಿ, ಎರಡೇ ಬಾಗಿಲು, ಎಂಜಿನ್ ಹಿಂದೆ, ಪೆಟ್ರೋಲ್ ಟ್ಯಾಂಕು ಮುಂದೆ. ರೇಡಿಯೇಟರ್ ಇಲ್ಲ, ಫ್ಯಾನಿನ ಗಾಳಿಯಲ್ಲೇ ತಣ್ಣಗಾಗುವ ಎಂಜಿನ್. ಬೀದಿಯವರು ಅದಕ್ಕೆ ನೀರು ಕುಡಿಯದ ಗಾಡಿ ಎಂದು ಹೆಸರಿಟ್ಟಿದ್ದರು. ಎರಡು ವರ್ಷ ಅದರ ಎಂಜಿನ್ನನ್ನು ಪೂರಾ ಬಿಚ್ಚಿ ಹೊಸದಾಗಿ ಕಟ್ಟುತ್ತಾ ಕೂತಿದ್ದ. ಮುಗಿದ ದಿನ ಮೊದಲ ಸವಾರಿ ಪೆನ್ನಾಗರಕ್ಕೆ, ಚಿಕ್ಕಮ್ಮನ ಅಕ್ಕನ ಮನೆಗೆ, ಎಂದು ಅವಳಿಗೆ ಮಾತು ಕೊಟ್ಟಿದ್ದ. ಅವರಿಗೆ ಮಕ್ಕಳಿರಲಿಲ್ಲ. ಮಗ ಅಂದರೂ ಅಣ್ಣನ ಮಗ ಅಂದರೂ ನಾನೇ.

ಕೆಲಸ ಇನ್ನೇನು ಮುಗಿಯಿತು ಎನ್ನುವಾಗ, ಒಂದು ಬೆಳಿಗ್ಗೆ ಕಾರಿನ ಅಡಿಯಲ್ಲಿ ಮಲಗಿ ಏನೋ ಮಾಡುತ್ತಿದ್ದವನು ಎದ್ದು ಒಳಗೆ ಬಂದು, ಎದೆ ಹಿಡಿದುಕೊಂಡ ಹಾಗಿದೆ ಎಂದು ನೀರು ಕುಡಿದು ಚಾಪೆಯ ಮೇಲೆ ಮಲಗಿದ. ಮತ್ತೆ ಏಳಲಿಲ್ಲ. ಮಾತಾಡಿಸಲು ಬಂದವರ ಮುಂದೆಲ್ಲ ಚಿಕ್ಕಮ್ಮ ಒಂದೇ ಮಾತು ಹೇಳುತ್ತಿದ್ದಳು: "ಒಂದ್ ನಟ್ಟನ್ನೂ ಎಳೆ ಕಟ್ದೆ ಬಿಟ್ಟು ಎದ್ದೋರಲ್ಲ. ನನ್ನ ಮಾತ್ರ ಒಂದ್ ಮಾತೂ ಏಳ್ದೆ ಅಂಗೇ ಬಿಟ್ಟೋದ್ರಲ್ಲಪ್ಪಾ." ಅದರಲ್ಲಿ ಅಳುವಿಗಿಂತ ಸಿಟ್ಟು ಹೆಚ್ಚಿತ್ತು. ಕೇಳಲು ನನಗೆ ಕಷ್ಟವಾಗುತ್ತಿತ್ತು.

ಮೂರು ತಿಂಗಳ ನಂತರ ಉಳಿದ ಕೆಲಸಕ್ಕೆ ನಾನು ಕೈಹಾಕಿದೆ. ಎಂಜಿನ್ ಮೇಲೆ ಅಲ್ಲಲ್ಲಿ ಕೆಂಪು ಎಳೆಗಳಿದ್ದವು. ಒಂದೊಂದನ್ನೇ ಹುಡುಕಿ, ನನ್ನ ಅಳತೆಯ ಸ್ಪ್ಯಾನರಿನಲ್ಲಿ ಪುಸ್ತಕದಲ್ಲಿರುವಷ್ಟು ಬಿಗಿ ಕೊಟ್ಟು, ಎಳೆಯನ್ನು ಕತ್ತರಿಸಿ ತೆಗೆದೆ. ಆ ತುಂಡುಗಳನ್ನೆಲ್ಲ ಚಿಕ್ಕಪ್ಪನ ನಶ್ಯದ ಡಬ್ಬಿಯಲ್ಲಿ ತುಂಬಿ ಚಿಕ್ಕಮ್ಮನಿಗೆ ಕೊಟ್ಟೆ. ಕೀಲಿ ತಿರುಗಿಸಿದ ಕೂಡಲೇ ಎಂಜಿನ್ ಗುಡುಗಿತು. ಬೀದಿಯೇ ಕೂಡಿತು. ನಾನೂ ಸ್ವಲ್ಪ ಮೀಸೆ ತಿರುವಿದೆ ಎನ್ನಿ.

ಆ ಮೀಸೆ ವಾರದೊಳಗೆ ಮಣ್ಣಾಯಿತು. ಎರಡು ಸಲ ಪೆನ್ನಾಗರಕ್ಕೆಂದು ಹೊರಟೆವು, ಎರಡು ಸಲವೂ ಓಮಲೂರಿನ ಆಚೆ ಈಚೆ ನಿಂತೆವು. ತಣ್ಣಗಿರುವಾಗ ಚೆನ್ನಾಗಿ ಓಡುವ ಎಂಜಿನ್, ಮುಕ್ಕಾಲು ಗಂಟೆ ಕಳೆದು ಕಾದ ಮೇಲೆ ಬಿಕ್ಕಳಿಸಿ ಸುಮ್ಮನಾಗುತ್ತಿತ್ತು. ಅರ್ಧ ಗಂಟೆ ಬಿಟ್ಟು ಕೀಲಿ ತಿರುಗಿಸಿದರೆ ಏನೂ ಆಗದ ಹಾಗೆ ಮತ್ತೆ ಓಡುತ್ತಿತ್ತು. ಕಾಯಿಲ್ ಬದಲಿಸಿದೆ, ಕಂಡೆನ್ಸರ್ ಬದಲಿಸಿದೆ, ವಾಲ್ವುಗಳ ಸಂದು ಮತ್ತೆ ಅಳೆದೆ. ಕಾವಿಗೆ ಪೆಟ್ರೋಲ್ ಕುದಿದು ಆವಿಯಾಗುತ್ತಿದೆಯೋ ಎಂದು ಪಂಪಿನ ಮೇಲೆ ಒದ್ದೆ ಟವೆಲ್ ಹಾಕಿದೆ. ಯಾವುದೂ ನಾಟಲಿಲ್ಲ. ಕೊನೆಗೆ ಎಂಜಿನ್ನಿನ ಫೋಟೋಗಳನ್ನು ಎಲ್ಲ ಕಡೆಯಿಂದಲೂ ಫೋನಿನಲ್ಲಿ ತೆಗೆದು, ಧರ್ಮಪುರಿಯಲ್ಲಿ ಇಂಥ ಗಾಡಿಗಳ ಕೆಲಸ ಬಲ್ಲ ಗೆಳೆಯನೊಬ್ಬನಿಗೆ ಕಳಿಸಿದೆ. ಎಲ್ಲ ಸರಿಯಾಗಿದೆಯಲ್ಲಾ ಎಂದ ಅವನೂ. ಮೂರನೆಯ ಸಲ ಹೊರಡುವ ಹಿಂದಿನ ಸಂಜೆ ತೆಗೆದ ಫೋಟೋಗಳು ಅವು. ಇದನ್ನು ನೆನಪಿನಲ್ಲಿಡಿ.

ಚಿಕ್ಕಮ್ಮ ಅಂದು ಹೇಳಿದಳು: "ಇನ್ನೊಂದ್ ಸಲ ನೋಡಣ ಸಾಮಿ. ಈ ಸಲಾನೂ ನಿಂತ್ರೆ ಗುಜರಿಗೆ ಆಕ್ಬುಡು. ಅವರ್ ಮಾತೂ ಅವರ್ ಜತೇಲೇ ಓಯ್ತು ಅಂದ್ಕೊಂತೀನಿ."

ಬೆಳಿಗ್ಗೆ ಹೊರಟೆವು. ಮಂಡಿ ನೋವಿನ ಕಾಲು ಚಾಚಬೇಕಿದ್ದರಿಂದ ಅವಳು ಹಿಂದಿನ ಸೀಟಿನಲ್ಲಿ ಅಡ್ಡ ಕೂತಳು, ಮಡಿಲಲ್ಲಿ ನಶ್ಯದ ಡಬ್ಬಿ. ಮೇಚೇರಿಯಲ್ಲಿ ಸಂತೆಯ ಕುರಿಗಳು ರಸ್ತೆಗಡ್ಡ ನಿಂತು ತಡವಾಯಿತು. ಮೇಚೇರಿ ದಾಟಿ ಪೆರುಂಬಾಲೈ ಹಾದಿ ಹಿಡಿದಾಗ ಮುಕ್ಕಾಲು ಗಂಟೆ ಎಂದೋ ಕಳೆದಿತ್ತು. ನನ್ನ ಜೀವವೆಲ್ಲ ಕಿವಿಗೆ ಬಂದಿತ್ತು. ಒಣ ಗುಡ್ಡದ ಏರು ಶುರುವಾಯಿತು, ನೆತ್ತಿಯ ಮೇಲೆ ಬಿಸಿಲು. ಏರಿನ ಅರ್ಧದಲ್ಲಿ ಎಂಜಿನ್ ಬಿಕ್ಕಿತು. ಮತ್ತೊಮ್ಮೆ ಬಿಕ್ಕಿ ನಿಂತೇಹೋಯಿತು. ಇಳಿದು ಚಕ್ರಕ್ಕೆ ಕಲ್ಲು ಕೊಟ್ಟೆ. ಚಿಕ್ಕಮ್ಮ ಕಿಟಕಿಯಾಚೆ ನೋಡುತ್ತಿದ್ದಳು, ನನ್ನ ಕಡೆ ತಿರುಗಲಿಲ್ಲ.

ಹುಣಸೆ ಮರದ ಕೆಳಗಿದ್ದ ಆಡು ಕಾಯುವ ಮುದುಕರೊಬ್ಬರು "ಎನ್ನಾಚು ಸಾರ್?" ಎಂದು ಏನಾಯಿತೆಂದು ತಮಿಳಿನಲ್ಲಿ ವಿಚಾರಿಸುತ್ತಾ ಬಂದರು. ನಾನು ಚಿಕ್ಕಮ್ಮನ ಜೊತೆ ಕನ್ನಡದಲ್ಲಿ ಮಾತಾಡಿದ್ದು ಕೇಳಿ ಅವರೂ ಕನ್ನಡಕ್ಕೆ ತಿರುಗಿದರು.

"ನೀರ್ ಬೇಕಾ ಗಾಡಿಗೆ? ಕೊಡ ಐತೆ."

"ಇದಕ್ಕೆ ನೀರು ಬೇಡ ತಾತ, ಗಾಳಿಯಲ್ಲೇ ತಣ್ಣಗಾಗುತ್ತೆ."

ಅವರು ಮರದ ಕಡೆ ಕತ್ತೆತ್ತಿ ನೋಡಿದರು. "ಗಾಳಿ ಎಲ್ಲೈತಪ್ಪಾ ಈಗ?"

ನಿಜ, ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ. ಹಿಂದಿನ ಮುಚ್ಚಳ ಎತ್ತಿ, ನೋಡಬೇಕಾದ್ದನ್ನೆಲ್ಲ ಮತ್ತೆ ನೋಡಿದೆ. ಕಣ್ಣಿಗೆ ಏನೂ ಬೀಳಲಿಲ್ಲ. ಒದ್ದೆ ಟವೆಲನ್ನು ಪಂಪಿನ ಮೇಲೆ ಹಾಕಿ, ಮುಚ್ಚಳ ತೆರೆದೇ ಬಿಟ್ಟು, ಹತ್ತು ಹೆಜ್ಜೆ ದೂರದ ಮರದಡಿ ಆ ಮುದುಕರ ಜೊತೆ ಕೂತೆ. ಕಣ್ಣು ಕಾರಿನ ಮೇಲೇ ಇತ್ತು. ಚಿಕ್ಕಮ್ಮ ಇಳಿಯಲು ಒಪ್ಪಲಿಲ್ಲ.

ಅರ್ಧ ಗಂಟೆ ಕಳೆಯಿತು. ಎದ್ದು ಹೋಗಿ ಸ್ಟೀರಿಂಗ್ ಮುಂದೆ ಕೂತೆ. ಕೀಲಿಗೆ ಬೆರಳು ಹಾಕಿದವನಿಗೆ ಟವೆಲ್ ತೆಗೆದಿಲ್ಲವೆಂದು ನೆನಪಾಯಿತು. ಅದು ಬೆಲ್ಟಿಗೆ ಸಿಕ್ಕಿದರೆ ಇನ್ನೊಂದು ಗೋಳು. ಬೈದುಕೊಂಡು ಇಳಿದು ಹಿಂದೆ ಬಂದೆ. ಟವೆಲ್ ಎತ್ತಿದೆ. ಒಳಗೆ, ಫ್ಯಾನಿನ ತಗಡಿನ ಅಡಿಯಲ್ಲಿ, ಟ್ಯಾಂಕಿನಿಂದ ಬರುವ ಪೆಟ್ರೋಲಿನ ಕೊಳವೆಗೆ ರಬ್ಬರ್ ಪೈಪು ಸೇರುವ ಮೂಲೆಯಲ್ಲಿ, ಕ್ಲಿಪ್ಪಿನ ಮೇಲೆ ಒಂದು ಕೆಂಪು ಎಳೆ ಇತ್ತು.

ತೆಗೆಯಲು ಮರೆತದ್ದಿರಬೇಕು ಎಂದುಕೊಂಡೇ ಕೈ ಒಳಗೆ ತೂರಿಸಿದೆ. ಕ್ಲಿಪ್ಪು ಬೆರಳು ತಾಗಿದ ಕೂಡಲೇ ಗಿರ್ರನೆ ತಿರುಗಿತು. ಬೆರಳು ಒದ್ದೆಯಾಯಿತು. ಮೂಸಿದೆ, ಪೆಟ್ರೋಲ್. ಹಳೇ ಗಾಡಿಯಲ್ಲಿ ಆ ವಾಸನೆ ಇದ್ದದ್ದೇ ಎಂದು ಅಲ್ಲಿಯವರೆಗೆ ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಫೋನಿನ ಬೆಳಕು ಬಿಟ್ಟು ನೋಡಿದರೆ ಕೆಳಗಿನ ತಗಡಿನ ಮೇಲೆ ಅಂಗೈಯಗಲ ಪೆಟ್ರೋಲ್ ನಿಂತಿತ್ತು.

ಆಗ ಎಲ್ಲ ಅರ್ಥವಾಯಿತು. ಕಾವಿಗೆ ರಬ್ಬರ್ ಮೆತ್ತಗಾಗಿ ಆ ಸಂದಿನಲ್ಲಿ ಪಂಪು ಪೆಟ್ರೋಲಿನ ಬದಲು ಗಾಳಿ ಎಳೆಯುತ್ತಿತ್ತು, ಎಂಜಿನ್ ನಿಲ್ಲುತ್ತಿತ್ತು. ಹಿಂದಿನ ಎರಡು ಸಲ ಸಮ ನೆಲದಲ್ಲಿ ನಿಂತಿದ್ದೆವು. ಈ ಸಲ ಏರಿನಲ್ಲಿ ಮೂತಿ ಮೇಲೆ ಮಾಡಿ ನಿಂತಿದ್ದರಿಂದ, ಮುಂದಿದ್ದ ಟ್ಯಾಂಕಿನ ಪೆಟ್ರೋಲ್ ಅರ್ಧ ಗಂಟೆ ಹಿಂದಕ್ಕೆ ಸೋರಿತ್ತು. ಕೀಲಿ ತಿರುಗಿಸಿದ್ದರೆ ಒಂದು ಕಿಡಿ ಸಾಕಾಗಿತ್ತು. ಎಂಜಿನ್ನಿನ ಬೆನ್ನಿಗೇ ಚಿಕ್ಕಮ್ಮ ಕಾಲು ಚಾಚಿ ಕೂತಿದ್ದಳು. ಹಿಂದೆ ಬಾಗಿಲಿಲ್ಲ. ಮುಂದಿನ ಸೀಟು ಮಡಚಿ ಅವಳನ್ನು ಎಳೆದುಕೊಳ್ಳಲು ಎಷ್ಟು ಹೊತ್ತು ಬೇಕೆಂದು ನನಗೆ ಗೊತ್ತು. ಅಷ್ಟು ಹೆದರಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಅವಳನ್ನು ಕೆಳಗಿಳಿಸಿ ಮರದಡಿ ಕರೆದೊಯ್ಯಲು ಹೋದೆ. ಅವಳು ಬಿಡಲಿಲ್ಲ, ಏನೆಂದು ತೋರಿಸು ಎಂದಳು. ಬೆಳಕು ಹಿಡಿದು ತೋರಿಸಿದೆ. ಬಹಳ ಹೊತ್ತು ಬಗ್ಗಿ ನೋಡಿದಳು.

"ಅವರ್ ಗಂಟು ಇದು," ಎಂದಳು. "ಎಡಗೈ ಗಂಟು."

ನನ್ನ ಬುದ್ಧಿ ಎಂಥದೆಂದರೆ ಆ ಹೊತ್ತಿನಲ್ಲೂ ಮೊದಲು ಅವಳ ಮೇಲೇ ಅನುಮಾನ ಬಂತು. ಆದರೆ ಅವಳು ಕಾರಿನಿಂದ ಇಳಿದೇ ಇರಲಿಲ್ಲ, ಆ ಮೂಲೆಗೆ ಅವಳ ಕೈ ಎಟುಕುವುದೂ ಇಲ್ಲ. ಆಡಿನವರನ್ನು ಕೇಳಿದೆ, ಯಾರಾದರೂ ಗಾಡಿಯ ಹತ್ತಿರ ಬಂದರಾ ಎಂದು.

"ನಿನ್ ಜತೇಲೇ ಕೂತಿದ್ನಲ್ಲಪ್ಪಾ," ಎಂದರು ಅವರು. "ನನ್ ಆಡು ಕೂಡ ಆ ಕಡೆ ಓಗಿಲ್ಲ."

ಇಲ್ಲಿ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಆ ಕ್ಲಿಪ್ಪನ್ನು ನಾನು ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ. ಏಕೆಂದರೆ ಅದರ ಮೇಲೆ ಎಳೆ ಇರಲಿಲ್ಲ. ಎಳೆ ಇಲ್ಲವೆಂದರೆ ಚಿಕ್ಕಪ್ಪ ಮುಗಿಸಿದ್ದಾನೆ ಎಂದೇ ಅರ್ಥ. ಅವನ ಎಳೆಗಳನ್ನು ನೋಡಿ ನಕ್ಕವನು ನಾನು, ನನ್ನ ಸ್ಪ್ಯಾನರಿಗಿಂತ ಅವನ್ನೇ ಹೆಚ್ಚು ನಂಬಿದ್ದೆ. ಆ ಸಂದಿಗೆ ಸರಿಯಾಗಿ ಕೈ ಸಿಗಬೇಕಾದರೆ ಕಾರಿನ ಅಡಿಯಲ್ಲಿ ಮಲಗಬೇಕು. ಅವನು ಕೊನೆಯ ಬೆಳಿಗ್ಗೆ ಮಲಗಿದ್ದು ಅಲ್ಲಿಯೇ. ಕೈಯಲ್ಲಿ ಕೂರಿಸಿದ್ದ, ಎದೆ ಹಿಡಿದುಕೊಂಡಿತು, ಎದ್ದ. ಜೀವಮಾನದಲ್ಲಿ ಒಂದೇ ಸಲ ಎಳೆ ಕಟ್ಟದೆ ಎದ್ದ.

ಕಾರಿನ ಅಡಿಗೆ ತೂರಿ ಕ್ಲಿಪ್ಪು ಬಿಗಿದೆ. ಪೆಟ್ರೋಲ್ ಒರೆಸಿದೆ, ನೆಲಕ್ಕೆ ಬಿದ್ದದ್ದರ ಮೇಲೆ ಮಣ್ಣೆರಚಿದೆ. ವಾಸನೆ ಹೋಗುವ ತನಕ ಗಂಟೆ ಹೊತ್ತು ಕಾದೆವು.

"ಬಿಗಿ ಆಯ್ತಾ?" ಎಂದಳು ಚಿಕ್ಕಮ್ಮ.

"ಆಯ್ತು."

"ಅಂಗಾದ್ರೆ ಬಿಚ್ಚು. ಕೆಲ್ಸ ಮುಗಿದ್ ಮ್ಯಾಲೆ ಎಳೆ ಇರ್ಬಾರ್ದು."

ಕತ್ತರಿಸಲು ಮನಸ್ಸು ಬರಲಿಲ್ಲ, ಬಿಚ್ಚಲು ಬರುತ್ತಿರಲಿಲ್ಲ. ಯಾವ ತುದಿ ಎಳೆಯಬೇಕೆಂದು ಅವಳೇ ಹಿಂದೆ ನಿಂತು ಹೇಳಿಕೊಟ್ಟಳು. ಒಂದೇ ಎಳೆತಕ್ಕೆ ಬಿಚ್ಚಿ ಬಂತು. ಅದನ್ನು ಅವಳು ಡಬ್ಬಿಗೆ ಹಾಕಲಿಲ್ಲ, ಸೆರಗಿನ ತುದಿಗೆ ಕಟ್ಟಿಕೊಂಡಳು. ಎಂಜಿನ್ ಮೊದಲ ತಿರುವಿಗೇ ಓಡಿತು. ಸಂಜೆಗೆ ಮುಂಚೆ ಅವಳ ಅಕ್ಕನ ಮನೆಯ ಮುಂದೆ ಇಳಿದೆವು. ಅಂದಿನಿಂದ ಇಂದಿನವರೆಗೆ ಆ ಗಾಡಿ ಹಾದಿಯಲ್ಲಿ ನಿಂತಿಲ್ಲ.

ನಾನು ಸುಮ್ಮನೆ ಕೂರಲಿಲ್ಲ. ಹಿಂದಿನ ಸಂಜೆಯ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಒಂದರಲ್ಲಿ ಆ ಕ್ಲಿಪ್ಪು ಮೂಲೆಯಲ್ಲಿ ಕಾಣುತ್ತದೆ, ಎಳೆ ಇಲ್ಲ. ಹಿಂದೆಲ್ಲೋ ಸಿಕ್ಕಿಕೊಂಡಿದ್ದ ಹಳೇ ಎಳೆ ಅದುರಾಟಕ್ಕೆ ಮುಂದೆ ಸರಿದಿರಬಹುದು ಎಂದ ಧರ್ಮಪುರಿಯ ಗೆಳೆಯ. ಇರಬಹುದು. ಆದರೆ ನಾನು ಅದೇ ಜಾಗಕ್ಕೆ ಒಂದು ಕೆಂಪು ರೇಷ್ಮೆ ಎಳೆ ಕಟ್ಟಿ ಒಂದು ಗಂಟೆ ಓಡಿಸಿ ನೋಡಿದ್ದೇನೆ. ಎಣ್ಣೆ ಹಿಡಿದು, ಕಾವಿಗೆ ಕಂದಾಗಿ ಬಂತು. ಅಂದಿನ ಎಳೆ ಆಗ ತಾನೇ ನೂಲಿನ ಲಡಿಯಿಂದ ಕತ್ತರಿಸಿದ ಹಾಗೆ ಶುಭ್ರವಾಗಿತ್ತು. ಇದಕ್ಕೆ ಕಾರಣ ಇನ್ನೂ ಸಿಕ್ಕಿಲ್ಲ. ಸರಿಯಾಗಿ ಹುಡುಕಿಲ್ಲ ಎಂದೇ ಇಟ್ಟುಕೊಳ್ಳಿ. ಹುಡುಕುವುದನ್ನು ಬಿಟ್ಟಿಲ್ಲ.

ಚಿಕ್ಕಮ್ಮ ಮಾತ್ರ ಏನನ್ನೂ ಹುಡುಕಲು ಹೋಗಲಿಲ್ಲ. ಹಿಂದಿನ ಆ ಸಿಟ್ಟಿನ ಮಾತನ್ನು ಮತ್ತೆ ಅವಳ ಬಾಯಲ್ಲಿ ನಾನು ಕೇಳಿಲ್ಲ. ಹೋದ ವರ್ಷ ದೂರದ ನೆಂಟರೊಬ್ಬರು ಮನೆಗೆ ಬಂದವರು, ಪಾಪ, ನಿಮ್ಮ ಯಜಮಾನರು ಏನೂ ಹೇಳದೆಯೇ ಹೋಗಿಬಿಟ್ಟರಂತಲ್ಲ ಎಂದು ಲೊಚಗುಟ್ಟಿದರು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಹೇಳಿದಳು:

"ಇಲ್ಲ ಇಲ್ಲ, ಏಳ್ಬುಟ್ಟೇ ಓದ್ರು. ವಸಿ ತಡ ಆಯ್ತು, ಅಷ್ಟೆ."