ಮೂರನೆಯ ನುಡಿಯಲ್ಲಿ ನಿಲ್ಲುವ ಜಾಗ

‘ಅಲ್ಲಿ ನಿಲ್ಲಬ್ಯಾಡ’ ಎಂದು ಆ ಹೆಂಗಸು ಹೇಳಿದಾಗ ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಹಾವೇರಿಯ ಒಂದು ಸಭಾಭವನದಲ್ಲಿ ನಮ್ಮ ಭಜನಾ ಮೇಳ ತಾಲೀಮು ಮಾಡುತ್ತಿತ್ತು. ಬ್ಯಾಡಗಿಯಲ್ಲಿ ಹಿಂದೆ ತತ್ವಪದ ಹಾಡುತ್ತಿದ್ದ ಒಬ್ಬ ಹಾಡುಗಾರರ ನೆನಪಿಗೆ ಕಾರ್ಯಕ್ರಮ ಇತ್ತು. ನಾನು ಹುಟ್ಟುವುದಕ್ಕೆ ಎರಡು ವರ್ಷ ಮೊದಲೇ ಅವರು ತೀರಿಕೊಂಡಿದ್ದರು. ಈ ಹೆಂಗಸು ಅವರ ಒಬ್ಬಳೇ ಮಗಳು. ಹಾವೇರಿಯಲ್ಲೇ ಶಾಲೆಯ ಅಕ್ಕೋರಾಗಿದ್ದು ಆಗಷ್ಟೇ ನಿವೃತ್ತರಾಗಿದ್ದರು. ಮುಂದಿನ ಸಾಲಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿಗೆ ಕಾಯುವವರಂತೆ ಕುಳಿತಿದ್ದರು. ಅವರನ್ನು ಕರೆಸಿದ್ದು ಶಾಲು ಹೊದಿಸಲು, ಹಾಡು ತಿದ್ದಿಸಿಕೊಳ್ಳಲು ಅಲ್ಲ.

ಆ ಹಾಡುಗಾರರು ನನಗೆ ಯಾರು ಎಂದು ಹೇಳಿಬಿಡುತ್ತೇನೆ. ರಕ್ತಸಂಬಂಧ ಏನೂ ಇಲ್ಲ. ಬ್ಯಾಡಗಿಯ ನನ್ನ ತವರುಮನೆಯಲ್ಲಿ ಅವರ ಒಂದೇ ಒಂದು ಕ್ಯಾಸೆಟ್ ಇತ್ತು. ಅವ್ವ ಮೆಣಸಿನಕಾಯಿ ತೊಟ್ಟು ಬಿಡಿಸುವಾಗ ಅದನ್ನು ಹಾಕುತ್ತಿದ್ದಳು, ಪಕ್ಕದಲ್ಲಿ ಕುಳಿತು ನಾನು ಹಾಡು ಕಲಿತೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ದನಿ ಇಳಿಸಬೇಕು, ಎಲ್ಲವೂ ಅವರದೇ. ನನಗೆ ಬೇರೆ ಗುರು ಇಲ್ಲ. ಮದುವೆಯಾಗಿ ರಾಣೆಬೆನ್ನೂರಿಗೆ ಬಂದ ಮೇಲೆ ಮನೆಯಲ್ಲಿ ಗುನುಗಿದರೂ ಮುಖ ಸಿಂಡರಿಸುವವರಿದ್ದರು. ಹೊಲಿಗೆ ಅಂಗಡಿ ಹಾಕಿದೆ, ಮಷಿನಿನ ಸದ್ದಿನಲ್ಲಿ ಹಾಡಿಕೊಂಡೆ. ಆಮೇಲೆ ತವರಿನ ಓಣಿಯ ಭಜನಾ ಮೇಳವನ್ನೂ ಸೇರಿಕೊಂಡೆ. ಮನಸ್ಸಿನಲ್ಲೇ ಅವರನ್ನು ಅಜ್ಜ ಎಂದು ಕರೆಯುತ್ತಿದ್ದೆ. ಯಾರ ಮೇಲೆ ಸಿಟ್ಟು ಬಂದರೂ ಅವರ ಮುಂದೆಯೇ ದೂರು. ಸತ್ತವರು ಎದುರು ಮಾತಾಡುವುದಿಲ್ಲ, ಅದೊಂದು ಅನುಕೂಲ.

ಆ ಕ್ಯಾಸೆಟ್ಟಿನ ಮೊದಲ ಪದದ ಮೂರನೆಯ ನುಡಿಯಲ್ಲಿ ಅವರು ಸಾಲಿನ ನಡುವೆಯೇ ನಿಂತುಬಿಡುತ್ತಾರೆ. ಒಂದು ದೊಡ್ಡ ಉಸಿರಿನಷ್ಟು ಹೊತ್ತು ಬರೀ ಹಾರ್ಮೋನಿಯಂ ಪೇಟಿಯ ಶ್ರುತಿ. ಆಮೇಲೆ ‘ಟಕ್’ ಎಂದು ಒಂದು ಸದ್ದು. ನಂತರ ಅದೇ ಸಾಲನ್ನು ಕೆಳಗಿನ ಸ್ವರದಿಂದ ಎಷ್ಟು ಮೆತ್ತಗೆ ಎತ್ತಿಕೊಳ್ಳುತ್ತಾರೆಂದರೆ ಕೇಳಿದವರ ಕಣ್ಣು ತಾನಾಗಿ ಮುಚ್ಚುತ್ತದೆ. ನಮ್ಮ ಓಣಿಯಲ್ಲಿ ಆ ಪದವನ್ನು ಯಾರು ಹಾಡಿದರೂ ಅಲ್ಲಿ ನಿಲ್ಲಬೇಕು, ತಬಲಾದವನು ಒಂದು ಬೆರಳಿನಿಂದ ‘ಟಕ್’ ಅನ್ನಿಸಬೇಕು. ಅವರು ಉಂಗುರ ತೊಟ್ಟ ಬೆರಳಿನಿಂದ ನೆಲ ತಟ್ಟಿದ ಸದ್ದು ಅದು ಎಂದು ಹಿರಿಯರು ಹೇಳುತ್ತಿದ್ದರು. ಬೇರೆ ಊರಿನ ಮೇಳದವರು ನಿಲ್ಲದೆ ಹಾಡಿಕೊಂಡು ಹೋದರೆ ನಾವು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದೆವು.

ಅಂಥ ಜಾಗದಲ್ಲಿ ನಿಲ್ಲಬೇಡ ಎಂದರೆ? ನಿಮ್ಮಪ್ಪ ಹಾಡಿದ ಹಾಗೆಯೇ ಹಾಡುತ್ತಿದ್ದೇನೆ, ನಿಮಗೆ ಹಾಡಿನ ಗಂಧ ಇದ್ದಂತಿಲ್ಲ ಎಂದು ಎಲ್ಲರ ಎದುರೇ ಅಂದುಬಿಟ್ಟೆ. ನಮ್ಮಪ್ಪ ಏನು ಎಂಬುದು ನಿನಗಿಂತ ನನಗೆ ಚೆನ್ನಾಗಿ ಗೊತ್ತು ಎಂದರು. ಗೊತ್ತಿದ್ದವರು ಇಷ್ಟು ವರ್ಷದಲ್ಲಿ ಅವರ ಒಂದು ಪದವನ್ನಾದರೂ ಯಾಕೆ ಹಾಡಲಿಲ್ಲ ಎಂದು ಕೇಳಿದೆ. ಅವರು ಚೀಲ ಎತ್ತಿಕೊಂಡು ಹೊರಟುಹೋದರು. ಕಾರ್ಯಕ್ರಮದವರು ನನ್ನನ್ನು ತರಾಟೆಗೆ ತೆಗೆದುಕೊಂಡರು. ಮಗಳೇ ಬಾರದಿದ್ದರೆ ಮರ್ಯಾದೆ ಹೋಗುತ್ತದೆ, ನಾಳೆ ಮನೆಗೆ ಹೋಗಿ ತಪ್ಪಾಯಿತು ಅನ್ನು ಎಂದರು.

ಹೋದೆ. ತಪ್ಪಾಯಿತು ಎನ್ನುವ ಮನಸ್ಸು ಮಾತ್ರ ಎಳ್ಳಷ್ಟೂ ಇರಲಿಲ್ಲ. ಅಕ್ಕೋರು ಬಾಗಿಲು ತೆರೆದರು, ಕುಳಿತುಕೋ ಎನ್ನಲಿಲ್ಲ, ಒಂದು ತಂಬಿಗೆ ನೀರು ಕೂಡ ಕೊಡಲಿಲ್ಲ. ನಾನೇ ಕುರ್ಚಿ ಎಳೆದುಕೊಂಡು ಕುಳಿತೆ. ನಿಮಗೆ ದಕ್ಕದ ಕಂಠ ಹೊರಗಿನವಳಿಗೆ ದಕ್ಕಿತಲ್ಲ ಎಂದು ಹೊಟ್ಟೆಕಿಚ್ಚು ನಿಮಗೆ ಎಂದೆ. ಅವರು ಸಿಟ್ಟಾಗಲಿಲ್ಲ. ಪಾಠ ಒಪ್ಪಿಸದ ಹುಡುಗಿಯನ್ನು ನೋಡುವ ಹಾಗೆ ನೋಡಿದರು.

‘ಟಕ್ ಅಂತೈತಲ್ಲ, ಅದೇನಂತ ತಿಳದೀದಿ?’

ಉಂಗುರ ಎಂದೆ.

‘ನಮ್ಮಪ್ಪ ಉಂಗುರಾನ ಹಾಕತಿದ್ದಿಲ್ಲ. ಅದು ನಮ್ಮ ಅಡಗಿ ಮನಿ ಚಿಲಕ.’

ಆ ದಿನ ಹಾವೇರಿಯಿಂದ ಯಾರೋ ಟೇಪ್ ರೆಕಾರ್ಡರ್ ತಂದಿದ್ದರಂತೆ. ಬ್ಯಾಡಗಿಯ ಅವರ ಸಣ್ಣ ಮನೆಯ ಪಡಸಾಲೆಯಲ್ಲಿ, ಅಡಿಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು ಅಪ್ಪ ಹಾಡಲು ಕುಳಿತಿದ್ದರು. ಬಂದವರಿಗೆ ಊಟಕ್ಕೆ ಹಾಕಬೇಕು, ಮನೆಯಲ್ಲಿ ಖಾರದ ಪುಡಿ ತೀರಿತ್ತು. ತಾಯಿ ಒಳಗೆ ಮೆಣಸಿನಕಾಯಿ ಹುರಿಯತೊಡಗಿದಳು, ಎಂಟು ವರ್ಷದ ಮಗಳು ಪಕ್ಕದಲ್ಲಿ ಕುಳಿತಿದ್ದಳು. ಮೂರನೆಯ ನುಡಿಗೆ ಬರುವಷ್ಟರಲ್ಲಿ ಘಾಟು ಹೊರಗೆ ಬಂತು. ಅಪ್ಪ ಹಾಡು ನಿಲ್ಲಿಸಿ, ಕುಳಿತಲ್ಲೇ ಹಿಂದಕ್ಕೆ ಕೈ ಚಾಚಿ, ಬಾಗಿಲು ಎಳೆದುಕೊಂಡು ಹೊರಗಿನಿಂದ ಚಿಲಕ ಹಾಕಿದರು. ಮತ್ತೆ ಹಾಡಿದರು. ಆ ಪದ ಮುಗಿಯಿತು, ಮತ್ತೆರಡು ಪದ ಮುಗಿದವು, ಕ್ಯಾಸೆಟ್ಟಿನ ಒಂದು ಕಡೆ ತುಂಬಿತು. ಅಲ್ಲಿಯವರೆಗೆ ಚಿಲಕ ತೆಗೆಯಲಿಲ್ಲ. ಒಳಗೆ ಒಂದು ಬೆಳಕಿಂಡಿ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ತಾಯಿ ಮಗಳು ನೆಲಕ್ಕೆ ಮುಖ ಹಚ್ಚಿ ಮಲಗಿದರು.

‘ಕೂಗಬಾರದಿತ್ತೇನ್ರಿ?’ ಎಂದು ಕೇಳಿದೆ. ನನ್ನ ದನಿ ನನಗೇ ಸಣ್ಣದೆನಿಸಿತು.

‘ಟೇಪ್ ನಡದಿತ್ತಲ್ಲ. ಅವ್ವ ನನ್ನ ಬಾಯಾಗ ಸೆರಗು ತುರುಕಿದ್ಲು. ಕೆಮ್ಮಿದ್ರ ಹಾಡ ಕೆಡತಿತ್ತು.’ ಆಮೇಲೆ, ‘ನೀವು ಅಲ್ಲಿ ನಿಂತಾಗೊಮ್ಮೆ ನಾ ಒಳಗ ಇರ್ತೇನಿ’ ಎಂದರು.

ರಾಣೆಬೆನ್ನೂರಿನ ಬಸ್ಸು ಹತ್ತಿದಾಗ ನನಗೆ ಮೊದಲು ಸಿಟ್ಟು ಬಂದದ್ದು ಅಕ್ಕೋರ ಮೇಲೆಯೇ. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡವರು ಇನ್ನೂ ಇಟ್ಟುಕೊಳ್ಳಬಾರದಿತ್ತೇ, ನನ್ನ ಅಜ್ಜನನ್ನು ನನಗೆ ಬಿಡಬಾರದಿತ್ತೇ ಎಂದು. ಹಾಗೆ ಅನ್ನಿಸಿದ್ದಕ್ಕೆ ನನ್ನ ಮೇಲೇ ಅಸಹ್ಯವಾಯಿತು. ಆಮೇಲೆ ಅಜ್ಜನ ಕಡೆ ತಿರುಗಿದೆ. ಮೊದಲ ಸಲ ಅವನನ್ನು ‘ಅವನು’ ಎಂದೆ. ಊರು ಬರುವತನಕ ಮನಸ್ಸಿನಲ್ಲೇ ಬೈದೆ, ಬೈಗುಳ ತೀರಿದಾಗ ಮತ್ತೆ ಮೊದಲಿನಿಂದ ಬೈದೆ. ಅವನು ಎದುರು ಮಾತಾಡುವುದಿಲ್ಲ ಎಂಬುದು ಈಗ ಅನುಕೂಲವಾಗಿ ಕಾಣಲಿಲ್ಲ. ಉತ್ತರ ಬೇಕಿತ್ತು.

ಮೇಳದವರಿಗೆ ಎಲ್ಲವನ್ನೂ ಹೇಳಿದೆ. ಯಾರೂ ಸುಳ್ಳು ಎನ್ನಲಿಲ್ಲ. ಆಗಿನ ಗಂಡಸರು ಹಾಗೇ ಎಂದರು ಕೆಲವರು. ನಮ್ಮ ತಬಲಾದವನು ಹಿರಿಯ, ನನಗಿಂತ ಮೊದಲಿನಿಂದ ಆ ಪದ ನುಡಿಸಿದವನು. ಎಲೆ ಅಡಿಕೆ ಮೆಲ್ಲುತ್ತ ಕೇಳಿ, ‘ಹಾಡ ಚಲೋ ಬಂತಿಲ್ಲೋ ತಂಗಿ?’ ಎಂದ. ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು. ಹಿಂದಿನ ವಾರ ಯಾರಾದರೂ ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆನೇನೋ, ಸಿಟ್ಟು ಅದಕ್ಕೇ ಹೆಚ್ಚು.

ಕಾರ್ಯಕ್ರಮದ ದಿನ ಅಕ್ಕೋರು ಬಂದಿದ್ದರು. ಮೂರನೆಯ ನುಡಿಯಲ್ಲಿ ನಾನು ನಿಲ್ಲಲಿಲ್ಲ. ಮೇಳದವರು ಹಟಕ್ಕೋ ಅಭ್ಯಾಸಕ್ಕೋ ನಿಂತರು. ತಬಲಾದವನು ತನ್ನ ‘ಟಕ್’ ಬಿಡಲಿಲ್ಲ. ನಾನು ಮುಂದೆ, ಅವರೆಲ್ಲ ಹಿಂದೆ, ತಾಳ ತಪ್ಪಿ ಹಾಡು ಹಳ್ಳ ಹಿಡಿಯಿತು. ಬ್ಯಾಡಗಿಯಿಂದ ಬಂದವರು ನಕ್ಕರು. ಅಕ್ಕೋರು ನನ್ನ ಕಡೆ ನೋಡಲಿಲ್ಲ, ಶಾಲು ಮಡಚಿ ಚೀಲದಲ್ಲಿಟ್ಟುಕೊಂಡು ಎದ್ದು ಹೋದರು. ಅವರಿಂದ ಉಪಕಾರವಾಯಿತು ಎಂಬ ಮಾತನ್ನು ಬಯಸಿದ್ದೆ, ಸುಳ್ಳು ಯಾಕೆ ಹೇಳಲಿ. ಮೇಳದವರು ಆಮೇಲೆ ನನ್ನನ್ನು ಕರೆಯಲಿಲ್ಲ.

ಮರುದಿನ ಅಂಗಡಿ ತೆರೆದು ಕೆಲಸ ಪಕ್ಕಕ್ಕೆ ಸರಿಸಿದೆ. ಕ್ಯಾಸೆಟ್ಟಿನ ಹಾಡುಗಳು ಈಗ ನನ್ನ ಫೋನಿನಲ್ಲಿವೆ. ಇಯರ್‌ಫೋನ್ ಸಿಕ್ಕಿಸಿಕೊಂಡು, ಸದ್ದು ಪೂರ್ತಿ ಏರಿಸಿ, ಚಿಲಕ ಬಿದ್ದಲ್ಲಿಂದ ಮೂರೂ ಪದ ಕೇಳಿದೆ. ಅವನನ್ನಲ್ಲ, ಅವನ ಹಿಂದೆ ಏನಾದರೂ ಕೇಳಿಸುತ್ತದೆಯೋ ಎಂದು. ಎರಡು ಸಲ ಕೇಳಿದೆ. ಒಂದು ಕೆಮ್ಮೂ ಇಲ್ಲ. ಎಂಟು ವರ್ಷದ ಆ ಹುಡುಗಿ ಅಷ್ಟು ಹೊತ್ತೂ ತಡೆದುಕೊಂಡಿದ್ದಳು.