ಹೂಂ ಅನ್ನುವವರಿಲ್ಲದ ದ್ವೀಪ

ಸಿರುಗುಪ್ಪದ ಬಸ್ಸು. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ನೆಂಟರ ಮದುವೆ ಮುಗಿಸಿ ಹೊರಟಾಗ ನನಗೆ ಮನುಷ್ಯರೇ ಸಾಕಾಗಿದ್ದರು. ಹೀಗಾದಾಗಲೆಲ್ಲ ನಾನು ದೀಪಸ್ತಂಭದ ಕಾದಂಬರಿ ಹಿಡಿಯುತ್ತೇನೆ. ಸುತ್ತ ಕಡಲು, ನಡುವೆ ಒಂದು ದ್ವೀಪ, ಹಡಗುಗಳಿಗೆ ದೀಪ ತೋರಿಸುವ ಒಬ್ಬನೇ ಮನುಷ್ಯ. ಊಟಕ್ಕೆ ಏಳಿ ಎನ್ನುವವರಿಲ್ಲ, ಫೋಟೋಕ್ಕೆ ನಿಲ್ಲಿ ಎನ್ನುವವರಿಲ್ಲ.

ಪಕ್ಕದ ಮುದುಕಿ ಬಿಡಬೇಕಲ್ಲ. “ಏನ್ ಓದಾಕತ್ತೀಯವ್ವಾ? ಜರಾ ನನಗೂ ಹೇಳು.”

ಬೇಗ ಮುಗಿಸಿಬಿಡೋಣವೆಂದು ಶುರುಮಾಡಿದೆ. ಆಕೆ ಪ್ರತಿ ಮಾತಿಗೂ “ಹೂಂ” ಎನ್ನತೊಡಗಿದಳು. ನಾವು ಹೂಂಗುಟ್ಟದಿದ್ದರೆ ನಮ್ಮಜ್ಜಿ ಕಥೆಯನ್ನೇ ನಿಲ್ಲಿಸಿಬಿಡುತ್ತಿದ್ದಳು. ಈಕೆಯ ಹೂಂಗೆ ನನ್ನ ಕಥೆ ತಾನಾಗಿ ಬೆಳೆಯಿತು. ಬಿರುಗಾಳಿ ಎದ್ದಿತು, ದೋಣಿ ಬರುವುದು ನಿಂತಿತು, ದೀಪದವನು ತನ್ನ ಕಥೆಯನ್ನು ಗೋಡೆಗೆ ಹೇಳಿಕೊಳ್ಳತೊಡಗಿದ ಎಂದೆ.

ಹೂಂ ನಿಂತಿತು. “ಅಲ್ಲವ್ವಾ, ಗ್ವಾಡಿ ಹೂಂ ಅಂತೈತೇನು?”

“ಇಲ್ಲಮ್ಮ.”

“ಮತ್ತ ಹೂಂ ಅನ್ನೋರಿಲ್ದ ಅಂವ ಕಥಿ ಹೆಂಗ ಹೇಳ್ತಾನ? ಪಾಪ, ಯಾರರ ಹೋಗಿ ಅವನ ಬಾಜೂಕ ಕುಂದ್ರಬೇಕಿತ್ತು.”

ತೆಕ್ಕಲಕೋಟೆಯಲ್ಲಿ ಆಕೆ ಇಳಿದುಹೋದಳು. ಪಕ್ಕದ ಸೀಟು ಖಾಲಿ. ನನಗೆ ಬೇಕಿದ್ದದ್ದೂ ಇದೇ. ಪುಸ್ತಕ ತೆರೆದೆ. ಎರಡು ಸಾಲಿಗೇ ಮುಚ್ಚಿ ಕಿಟಕಿಗೆ ತಲೆ ಆನಿಸಿದೆ. ನೀರು ನಿಂತ ಗದ್ದೆಗಳು ಹಿಂದೆ ಸರಿಯುತ್ತಿದ್ದವು.

ಹಿಂದಿನ ಸೀಟಿನಿಂದ ಗಂಡುದನಿಯೊಂದು ಸಂಕೋಚದಿಂದ ಕೇಳಿತು: “ಹೂಂ… ಮುಂದೇನಾತ್ರಿ, ಅಕ್ಕಾರ?”