ಮೂರನೆಯ ಭಾನುವಾರ

ನಿಂಬೆ ಪರಿಮಳದ ಗವತಿ ಹುಲ್ಲು ಹಾಕಿದ ಚಹಾದ ವಾಸನೆ ಬಾಗಿಲಲ್ಲೇ ಬಂತು. ಅದು ಬೈರಿದೇವರಕೊಪ್ಪದಲ್ಲಿ ಮೊಮ್ಮಗಳು ಹಿಡಿದಿರುವ ಬಾಡಿಗೆ ಮನೆ. ಅಡುಗೆಮನೆಯಲ್ಲಿ ಚಹಾ ಕುದಿಸುತ್ತಿದ್ದವನು ಅವಳು ಮೆಚ್ಚಿದ ಹುಡುಗ. ಮದುವೆ ಇನ್ನೂ ಆಗಿಲ್ಲ, ಸಂಸಾರ ಆಗಲೇ ನಡೆದಿದೆ. ಹೇಳುವುದನ್ನು ಹೇಳಿ ಹೊರಟುಬಿಡಬೇಕೆಂದು ಕೆಳಗೆ ಆಟೋ ನಿಲ್ಲಿಸಿಯೇ ಬಂದಿದ್ದೆ. ಆದರೆ ಆ ವಾಸನೆ...

ಗೋಪನಕೊಪ್ಪದಲ್ಲಿ ನಮ್ಮ ಬಾಜೂ ಮನೆಯ ಅಕ್ಕ ಆ ಹುಲ್ಲನ್ನು ಗೇಟಿನ ಪಕ್ಕ ಬೆಳೆಸಿದ್ದರು. ನಾನು ಪಾಠ ಮುಗಿಸಿ ಶಾಲೆಯಿಂದ ಬರುವ ಹೊತ್ತಿಗೆ ನಾಲ್ಕು ಗರಿ ಕಿತ್ತು ಚಹಾಕ್ಕೆ ಹಾಕುವರು. ನನ್ನ ಮನೆಯಲ್ಲಿ ಊಟ, ನಿದ್ದೆ, ಪ್ರಾರ್ಥನೆ ಎಲ್ಲಕ್ಕೂ ಗಂಟೆ ಇತ್ತು. ಅವರ ಮನೆಯ ಗಡಿಯಾರ ಸದಾ ನಿಂತೇ ಇರುತ್ತಿತ್ತು. ಹೋದಾಗಲೆಲ್ಲ ಅದಕ್ಕೆ ಕೀಲಿ ಕೊಡುತ್ತಿದ್ದವಳು ನಾನೇ.

ನಮ್ಮ ಚರ್ಚಿನಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಜೋಡಿಯ ಹೆಸರು ಓದುತ್ತಾರೆ. ಆಕ್ಷೇಪಣೆ ಇದ್ದವರು ಎದ್ದು ನಿಂತು ಹೇಳಬೇಕು. ಒಂದು ಭಾನುವಾರ ಸಭಾಪಾಲಕರು ಓದಿದ್ದು ಅಕ್ಕ ಮತ್ತು ಅವರ ಯಜಮಾನರ ಹೆಸರನ್ನು. ಇಬ್ಬರದೂ ತಲೆ ನರೆತಿತ್ತು. ಇಷ್ಟು ವರ್ಷ ಅವರನ್ನು ಗಂಡ ಹೆಂಡತಿ ಎಂದೇ ತಿಳಿದಿದ್ದೆವು. ಅವರು ಹೇಳಿರಲಿಲ್ಲ, ನಾವು ಕೇಳಿರಲಿಲ್ಲ.

ಆರಾಧನೆ ಮುಗಿದ ಮೇಲೆ ಹೆಂಗಸರು ನನ್ನನ್ನು ಸುತ್ತುವರಿದರು. ಇಂಥವರಿಗೆ ಇಲ್ಲಿ ಮದುವೆ ಮಾಡಿದರೆ ನಮ್ಮ ಮಕ್ಕಳಿಗೆ ಏನು ಹೇಳುವುದು, ಟೀಚರ್ ಆದ ನೀವೇ ಎದ್ದು ನಿಲ್ಲಬೇಕು ಎಂದರು. ನನಗೂ ಅದೇ ಸರಿ ಅನಿಸಿತ್ತು. ಸಂಜೆ ಹೋಗಿ ಅಕ್ಕನನ್ನು ನೇರವಾಗಿ ಕೇಳಿದೆ. ಮೊದಲು ಮನೆಯವರು ಒಪ್ಪಲಿಲ್ಲವಂತೆ. ಆಮೇಲೆ ಕೇಳುವವರೇ ಇರಲಿಲ್ಲವಂತೆ.

“ಛಲೋ ಚಹಾ ಮಾಡೂದು ಕಲೀರಿ, ಆಮ್ಯಾಲ ಲಗ್ನದ್ದು ನೋಡೂಣು ಅಂತ ಇವರಿಗೆ ಅಂದಿದ್ದೆರೀ. ಈಗ ಕಲತಾರ,” ಎಂದು ನಕ್ಕರು. ನಾನು ನಗಲಿಲ್ಲ. ಒಳಕೋಣೆಯಲ್ಲಿ ಯಜಮಾನರು ಕೆಮ್ಮಿದರು. ಅಕ್ಕ ದನಿ ತಗ್ಗಿಸಿದರು.

“ಡಾಕ್ಟರು ಭಾಳ ದಿನ ಇಲ್ಲ ಅಂದಾರ್ರಿ ಟೀಚರ್. ನಾಳೆ ಅಳೂದಾದ್ರ ಹೆಂಡತಿಯಾಗಿ ಅಳತೇನಿ. ಬಾಜೂ ಮನಿಯಾಕಿ ಹಂಗ ಹಿಂದ ನಿಂತು ಅಳೂದು ಬ್ಯಾಡ.”

ಎರಡನೆಯ ವಾರ ಯಾರೂ ಏಳಲಿಲ್ಲ. ಮೂರನೆಯ ಭಾನುವಾರ ಅಕ್ಕ ತಮ್ಮ ಜಾಗ ಬಿಟ್ಟು ಬಂದು ನನ್ನ ಬೆಂಚಿನಲ್ಲಿ ಒತ್ತಿಕೊಂಡು ಕೂತರು. ಸಭಾಪಾಲಕರು ಕೊನೆಯ ಸಲ ಕೇಳಿದರು. ತಲೆಗಳೆಲ್ಲ ನನ್ನತ್ತ ತಿರುಗಿದವು. ಆಗ ಗೊತ್ತಾಯಿತು, ಅಕ್ಕ ನನ್ನ ಸೆರಗಿನ ಮೇಲೆ ಕೂತಿದ್ದರು. ಅದನ್ನು ತೊಡೆಯ ಕೆಳಗೆ ಅದುಮಿ ಹಿಡಿದು, ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದರು. ಎಳೆದಿದ್ದರೆ ಬರುತ್ತಿತ್ತು. ನಾನು ಎದುರಿನ ಗೋಡೆ ನೋಡುತ್ತ ಕೂತೆ.

ಮದುವೆಯಾಯಿತು. ಮಳೆ ಹಿಡಿಯುವ ಮೊದಲೇ ಯಜಮಾನರು ಹೋದರು. ಅಕ್ಕ ಶವಪೆಟ್ಟಿಗೆಯ ಪಕ್ಕ, ಎಲ್ಲರಿಗಿಂತ ಮುಂದೆ ನಿಂತು ಮನಸಾರೆ ಅತ್ತರು. ಕೆಲ ವರ್ಷಗಳಲ್ಲಿ ಅಕ್ಕನೂ... ಗೇಟಿನ ಬಳಿ ಹುಲ್ಲು ಮಾತ್ರ ಇನ್ನೂ ಸ್ವಲ್ಪ ಕಾಲ ಉಳಿದಿತ್ತು.

ಮದುವೆ ಮೊದಲು, ಸಂಸಾರ ಆಮೇಲೆ ಎನ್ನುವುದು ಇಂದಿಗೂ ನನ್ನ ಮಾತು. ಮೊಮ್ಮಗಳಿಗೂ ಅದನ್ನೇ ಹೇಳಿದೆ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು.

“ಆಟೋದಾಂವ ಕಾಯಾಕತ್ತಾನ. ಹೊಂಟಿಯೇನ ಅಜ್ಜಿ?”

ಹುಡುಗ ಚಹಾದ ಕಪ್ಪು-ಬಸಿ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದ.

ಆಟೋದವನನ್ನು ಕಳಿಸಿಬಿಡು ಎಂದೆ. ಕೂತಲ್ಲೇ ಸೆರಗು ನೋಡಿಕೊಂಡೆ. ಅದರ ಮೇಲೆ ಯಾರೂ ಕೂತಿರಲಿಲ್ಲ.